ಪಲ್ಲಕ್ಕಿ ಮತ್ತು ಒಂದು ಚೊಂಬು ನೀರು

"ಗುರುಗಳೇ, ನಡೆಯಲಾರದವರನ್ನು ಹೊತ್ತು ತರುವುದಕ್ಕಿಂತ ದೊಡ್ಡ ಸೇವೆ ಇನ್ನೊಂದು ಉಂಟೇ?" ಎಂದು ಶಿಷ್ಯ ಕೇಳಿದ.

ಕೇಳಿದ್ದಕ್ಕೆ ಕಾರಣವಿತ್ತು. ಆ ಬೆಳಿಗ್ಗೆ ಅವನು ಕಾಲು ಬಿದ್ದುಹೋದ ಅಜ್ಜನೊಬ್ಬನನ್ನು ಬೆನ್ನ ಮೇಲೆ ಹೊತ್ತು ಮಠದ ಮೆಟ್ಟಿಲು ಹತ್ತಿಸಿದ್ದ. ನೋಡಿದವರೆಲ್ಲ ಭೇಷ್ ಅಂದಿದ್ದರು. ಮಧ್ಯಾಹ್ನ ದಾಟಿದರೂ ಆ ಭೇಷ್ ಅವನ ಮುಖದಿಂದ ಇಳಿದಿರಲಿಲ್ಲ. ಅಜ್ಜ ಪಕ್ಕದಲ್ಲಿಟ್ಟ ನೀರಿನ ಚೊಂಬನ್ನು ಮುಟ್ಟದೆ ಪಡಸಾಲೆಯ ಕಂಬಕ್ಕೆ ಒರಗಿ ಕೂತಿದ್ದ.

ಗುರು ಒಂದು ಕತೆ ಹೇಳಿದರು.

ಒಂದು ಮಹಾನಗರ. ಅಲ್ಲಿ ಗೊಂಬೆ ಮಾಡುವವರ ಸಮ್ಮೇಳನ ಸೇರಿತು. ದೂರದ ಊರಿನಿಂದ ಒಬ್ಬ ಗೊಂಬೆಗಾರನೂ ಬಂದ. ಅವನಿಗೆ ಸೊಂಟದಿಂದ ಕೆಳಗೆ ಸ್ವಾಧೀನವಿರಲಿಲ್ಲ. ಅದಕ್ಕೇನಂತೆ? ಮಕ್ಕಳ ಗಾಡಿಗೆ ಚಕ್ರ ಕೂರಿಸುವ ಕೈ ತನಗೊಂದು ಗಾಡಿ ಮಾಡಿಕೊಳ್ಳಲಾರದೇ? ಗಟ್ಟಿ ಹಲಗೆ, ಅದಕ್ಕೆ ಚಕ್ರ, ನೆಲ ತಳ್ಳಲು ಕೈಯಲ್ಲಿ ಎರಡು ಮರದ ತುಂಡು. ಅದರ ಮೇಲೆ ಕೂತು ಅವನು ಹೊರಟನೆಂದರೆ ಕಾಲಿದ್ದವರು ಸರಿದು ದಾರಿ ಬಿಡಬೇಕು. ಅವನ ಬಾಯಿಗೂ ಚಕ್ರವಿತ್ತು. ಅದು ಇನ್ನೂ ಜೋರಾಗಿ ಓಡುತ್ತಿತ್ತು.

ಊರಿನವರು ಅವನನ್ನು ಸುಮ್ಮನೆ ಕಳಿಸಿರಲಿಲ್ಲ. ಪೇಟೆಗೆ ಅಗ್ಗದ ಹೊಸ ಬಣ್ಣವೊಂದು ಬಂದಿತ್ತು. ಹೊಳಪು ಬಹಳ. ಆದರೆ ಆ ಬಣ್ಣದ ಗೊಂಬೆಯನ್ನು ಬಾಯಿಗಿಟ್ಟು ಗೊಂಬೆಗಾರನ ಮೊಮ್ಮಗಳೇ ಹಾಸಿಗೆ ಹಿಡಿದಿದ್ದಳು. ಎಲ್ಲರೂ ಅದೇ ಬಣ್ಣ ಬಳಿಯಬೇಕೇ ಬೇಡವೇ ಎಂದು ಸಮ್ಮೇಳನದಲ್ಲಿ ಎರಡನೆಯ ದಿನ ತೀರ್ಮಾನವಾಗುವುದಿತ್ತು. ಅದಕ್ಕೆ ಮುಂಚೆ ನಾಲ್ಕು ಮಾತು ಆಡಿ ಬಾ ಎಂದು ಕಳಿಸಿದ್ದರು.

ನಗರದವರು ಒಳ್ಳೆಯವರು. ಇದನ್ನು ಮೊದಲೇ ಹೇಳಿಬಿಡಬೇಕು. ಅವರ ಸಭಾಭವನ ಎತ್ತರದ ಜಗತಿಯ ಮೇಲಿತ್ತು, ಮುಂದೆ ಉದ್ದಕ್ಕೆ ಮೆಟ್ಟಿಲು. ನಡೆಯಲಾಗದ ಅತಿಥಿ ಬಂದರೆ ಅವರಲ್ಲಿ ಒಂದು ಪದ್ಧತಿ. ಹೂವಿನ ಪಲ್ಲಕ್ಕಿಯಲ್ಲಿ ಕೂರಿಸಿ, ಓಲಗ ಊದಿಸಿ, ಹೊತ್ತು ಹತ್ತಿಸುವುದು. ಪಲ್ಲಕ್ಕಿ ಏರಿದವರು ಹೊತ್ತವರೇ ಬಂದು ಇಳಿಸುವ ತನಕ ನೆಲ ಮುಟ್ಟಬಾರದು. ಮುಟ್ಟಿದರೆ ನಗರಕ್ಕೆ ಅವಮಾನ. ಗೊಂಬೆಗಾರನನ್ನೂ ಹಾಗೇ ಹತ್ತಿಸಿದರು. ಜನ ಕಣ್ಣೊರೆಸಿಕೊಂಡರು. ಅವನ ಗಾಡಿಗೂ ಒಂದು ಹಾರ ಹಾಕಿ, ಮೆಟ್ಟಿಲ ಕೆಳಗೆ ದೇವರಂತೆ ನಿಲ್ಲಿಸಿದರು.

ಗೊಂಬೆಗಾರನಿಗೂ ಮೊದಲು ಖುಷಿಯೇ ಆಯಿತು. ಆಮೇಲೆ ಒಂದಕ್ಕೆ ಅವಸರವಾಯಿತು.

ಹೇಳಿ ಕಳಿಸಿದ. ಹೊರುವವರು ಬಂದರು. ಅವರ ಹಿಂದೆ ಓಲಗದವರೂ ಬಂದರು. ಬೇಡ ಎಂದರೂ ಬಿಡಲಿಲ್ಲ, ಪದ್ಧತಿ ಎಂದರು. ಅವನು ಎಲ್ಲಿಗೆ ಹೊರಟಿದ್ದಾನೆಂಬುದು ಸಭೆಗೆಲ್ಲ ಡೋಲು ಬಾರಿಸಿ ತಿಳಿಯಿತು. ಅವರು ಕೆಳಗಿಳಿಸಿದ ಮೇಲೆ ಕೆಲಸ ಮುಗಿಸಿ, ಮೆಟ್ಟಿಲ ಬುಡಕ್ಕೆ ಬಂದು ನೋಡುತ್ತಾನೆ, ಹೊರುವವರಿಲ್ಲ. ಊಟಕ್ಕೆ ಹೋಗಿದ್ದರು. ಮೇಲೆ ಅವನ ಸರದಿ ಬಂತು, ಹೆಸರು ಕೂಗಿದರು. ಕೆಳಗಿನಿಂದ ಅವನೂ ಕೂಗಿದ. ಆದರೆ ಮಾತು ಮೆಟ್ಟಿಲು ಹತ್ತಲಿಲ್ಲ. ಪಾಪ, ದಣಿದಿರಬೇಕು, ಮಲಗಲಿ ಎಂದು ಸಮ್ಮೇಳನದ ಯಜಮಾನರು ಕನಿಕರದಿಂದ ಮುಂದಿನವರನ್ನು ಕರೆದರು.

ಹಾರ ಹಾಕಿಕೊಂಡ ಗಾಡಿಯ ಪಕ್ಕದಲ್ಲಿ, ಹಾರ ಹಾಕಿಕೊಂಡ ಗೊಂಬೆಗಾರ ಸಂಜೆಯ ತನಕ ಕೂತಿದ್ದ. ಬೈಯಬಹುದಿತ್ತು. ಬೈದರೆ ಇವರು ಇನ್ನೊಂದು ಹಾರ ತರುತ್ತಾರೆ, ಅಷ್ಟೇ ಅಂದುಕೊಂಡ. ಅವನ ತಲೆಯಲ್ಲಿ ಬೇರೆ ಚಕ್ರ ತಿರುಗತೊಡಗಿತು.

ಮರುದಿನ ಬೆಳಿಗ್ಗೆ ಪಲ್ಲಕ್ಕಿ ಬಂತು. ಗೊಂಬೆಗಾರ ಕೈಮುಗಿದ. ಇಂಥ ಮರ್ಯಾದೆ ನನ್ನೊಬ್ಬನಿಗೇ ಆದರೆ ಚೆಂದವಲ್ಲ, ಯಜಮಾನರು ನಡೆದು ಹತ್ತುತ್ತಿದ್ದಾರೆ, ನೋಡಲಾರೆ, ಮೊದಲು ಅವರನ್ನು ಹೊರಿ ಎಂದ. ಅತಿಥಿಯ ಮಾತು. ಯಜಮಾನರು ಬೇಡ ಬೇಡ ಅನ್ನುತ್ತಲೇ ಏರಿ ಕೂತರು. ತೂಕದ ಆಳು. ಹೊರುವವರ ಕಣ್ಣುಗುಡ್ಡೆ ಹೊರಬಂದವು. ಯಜಮಾನರನ್ನು ವೇದಿಕೆಯ ಮೇಲೆ ಪಲ್ಲಕ್ಕಿ ಸಮೇತ ಇರಿಸಿ, ಗೊಂಬೆಗಾರನನ್ನು ಇನ್ನೊಂದರಲ್ಲಿ ತಂದು ಪಕ್ಕದಲ್ಲಿ ಇರಿಸಿ, ಸುಸ್ತಾಗಿ ಊಟಕ್ಕೆ ನಡೆದರು.

ಬಿಸಿಲು ಏರಿತು. ಗೊಂಬೆಗಾರ ಯಜಮಾನರಿಗೆ ಉಪಚಾರದ ಮೇಲೆ ಉಪಚಾರ ಮಾಡಿದ. ಮಜ್ಜಿಗೆ ತರಿಸಿದ. ಇನ್ನೊಂದು ಲೋಟ ಅಂದ. ಇಷ್ಟು ದೊಡ್ಡ ನಗರದ ಯಜಮಾನರು ಇಷ್ಟೇ ಕುಡಿಯುವುದೇ ಅಂದ. ಅವರು ಕುಡಿದರು. ಇವನು ಮುಟ್ಟಲಿಲ್ಲ.

ಬಣ್ಣದ ಮಾತು ಶುರುವಾಗುವ ಹೊತ್ತಿಗೆ ಯಜಮಾನರ ಮಂಡಿ ತಾನಾಗಿ ಕುಣಿಯತೊಡಗಿತು. ಬಾಗಿಲ ಕಡೆ ನೋಡಿದರು. ಸಭೆಯ ಕಡೆ ನೋಡಿದರು. ಕೊನೆಗೆ ಬಗ್ಗಿ ಪಿಸುಗುಟ್ಟಿದರು. "ಹೊರೋರು ಎಲ್ಲಪ್ಪಾ?"

"ಊಟಕ್ಕೆ ಹೋಗವ್ರೆ ಯಜಮಾನ್ರೇ. ಬತ್ತಾರೆ. ಓಲಗದವರನ್ನೂ ಕರೀಲಾ?"

ಯಜಮಾನರು ಅವನ ಮುಖ ನೋಡಿದರು. ನಗು ಇತ್ತು. ತುಟಿ ಒಣಗಿ ಸಿಪ್ಪೆ ಎದ್ದಿತ್ತು. ಅವನ ಮುಂದಿನ ಲೋಟ ತುಂಬಿದ್ದು ತುಂಬಿದಂತೆಯೇ ಇತ್ತು.

"ನೀನು ಯಾಕೆ ಕುಡೀಲಿಲ್ಲ?"

"ನೆನ್ನೆ ಕುಡಿದಿದ್ದೆ," ಎಂದ ಗೊಂಬೆಗಾರ.

ಯಜಮಾನರಿಗೆ ಅಷ್ಟು ಸಾಕಾಯಿತು. ಒಳ್ಳೆಯವರು ಎಂದು ಮೊದಲೇ ಹೇಳಿದೆನಲ್ಲ. ಅವರು ಕಾಲು ಕೆಳಗಿಟ್ಟರು. ಸಭೆ ಹೌಹಾರಿತು. ನಗರದ ಮರ್ಯಾದೆಯನ್ನು ತುಳಿದುಕೊಂಡು ಅವರು ಮೆಟ್ಟಿಲಿಳಿದು ಓಡಿದರು. ವಾಪಸು ಬಂದವರು ಕೂರಲಿಲ್ಲ. ಈ ಮನುಷ್ಯ ತಾನಾಗಿ ಹತ್ತಿ ಬಂದು ಮಾತಾಡುವ ತನಕ ಬಣ್ಣದ ತೀರ್ಮಾನವಿಲ್ಲ ಎಂದು ಸಾರಿ, ಊಟದ ಪಂಕ್ತಿಯ ಹಲಗೆಗಳನ್ನೆಲ್ಲ ತರಿಸಿದರು. ಮೆಟ್ಟಿಲ ಮೇಲೆ ಹಾಸಿ ಇಳಿಜಾರು ಮಾಡಿಸಿದರು.

ಊಟ ಮುಗಿಸಿ ಬಂದ ಹೊರುವವರು ಗೊಂಬೆಗಾರನನ್ನು ಪಲ್ಲಕ್ಕಿಯಲ್ಲೇ ಕೆಳಗಿಳಿಸಿದರು. ಅವನು ತನ್ನ ಗಾಡಿ ಏರಿದ. ಅದರ ಹಾರ ತೆಗೆದು ಪಲ್ಲಕ್ಕಿಗೆ ಹಾಕಿದ. ತಳ್ಳಿದ. ಅರ್ಧ ಹತ್ತಿದ ಗಾಡಿ ಸರ್ರನೆ ಹಿಂದೆ ಜಾರಿತು. ನಾಲ್ಕು ಜನ ಹಿಡಿಯಲು ಓಡಿಬಂದರು.

"ನನ್ನ ಹಿಡೀಬ್ಯಾಡಿ," ಎಂದ ಅವನು. "ಹಲಗೆ ಉದ್ದ ಮಾಡಿ."

ಯಜಮಾನರೇ ಮೊದಲನೆಯ ಹಲಗೆ ಎತ್ತಿದರು. ಸಭೆಯಲ್ಲಿದ್ದವರೆಲ್ಲ ಮರದ ಕೆಲಸದವರೇ. ನೋಡುತ್ತ ನೋಡುತ್ತ ಇಳಿಜಾರು ಬೀದಿಯ ತನಕ ಹರಿಯಿತು. ಅವನು ಮತ್ತೆ ತಳ್ಳಿದ. ಈ ಸಲ ಡೋಲು ಬಡಿಯಲಿಲ್ಲ, ಯಾರೂ ಕಣ್ಣೊರೆಸಿಕೊಳ್ಳಲಿಲ್ಲ. ಚಕ್ರದ ಸದ್ದು ಮಾತ್ರ ನಿಧಾನಕ್ಕೆ ಮೇಲೆ ಬಂತು. ಅವನ ಹಿಂದೆಯೇ ಕೋಲೂರುವ ಮುದುಕಿಯೊಬ್ಬಳು ಬಂದಳು, ಮಗು ಎತ್ತಿಕೊಂಡವಳು ಬಂದಳು, ಮಜ್ಜಿಗೆ ಕೊಡ ಹೊತ್ತವನೂ ಮೆಟ್ಟಿಲು ಬಿಟ್ಟು ಅದೇ ದಾರಿ ಹಿಡಿದ.

ವೇದಿಕೆಗೆ ಬಂದು ಗೊಂಬೆಗಾರ ಮೊದಲು ಒಂದು ಚೊಂಬು ನೀರು ಕೇಳಿದ. ಗಟಗಟ ಎಲ್ಲವನ್ನೂ ಕುಡಿದ. ಆಮೇಲೆ ಮೊಮ್ಮಗಳ ವಿಷಯ ಹೇಳಿದ. ಆ ಬಣ್ಣವನ್ನು ಅವತ್ತಿನಿಂದ ಯಾರೂ ಬಳಿಯಲಿಲ್ಲ. ಹಲಗೆಗಳನ್ನೂ ಯಾರೂ ವಾಪಸು ಎತ್ತಲಿಲ್ಲ. ಸಮ್ಮೇಳನದವರು ಆಮೇಲೆ ನೆಲದ ಮೇಲೆ ಕೂತೇ ಉಂಡರು.

ಗುರು ಕತೆ ನಿಲ್ಲಿಸಿದರು. ಶಿಷ್ಯ ತಲೆದೂಗಿದ. ಎಂಥ ಜಾಣ, ಎಂಥ ಯಜಮಾನರು ಎಂದು ಇಬ್ಬರನ್ನೂ ಮೆಚ್ಚಿದ.

ಗುರು ಪಡಸಾಲೆಯ ಕಂಬದ ಕಡೆ ನೋಡಿ ಕೇಳಿದರು: "ನೀನು ಬೆಳಿಗ್ಗೆ ಹೊತ್ತು ತಂದ ಅಜ್ಜ ಈಗಲಾದರೂ ಒಂದು ಗುಟುಕು ನೀರು ಕುಡಿದನೇನಪ್ಪಾ?"