ಗೌರವಕ್ಕಾಗಿ ಎತ್ತಿಟ್ಟ ಸ್ಟೂಲು

೧೯೭೪ರ ಆಗಸ್ಟ್ ೧೮, ಭಾನುವಾರ. ಆ ದಿನದ ದಿನಚರಿಯಲ್ಲಿ ನಾನು ಬರೆದುಕೊಂಡ ಮೊದಲ ವಾಕ್ಯ ಒಂದು ಪ್ರಶ್ನೆ: "ಒಳ್ಳೆಯ ಪಾದ್ರಿಗೂ ಕಾವಲು ಬೇಕೇ?"

ಕೇಳಿದವಳು ನಾನೇ. ಆಗ ನಾನು ನಮ್ಮ ಚರ್ಚಿನ ಸಮಿತಿಯ ಕಾರ್ಯದರ್ಶಿ. ಆ ಸ್ಥಾನಕ್ಕೆ ಬಂದ ಮೊದಲ ಹೆಂಗಸು, ಮೊದಲ ಪದವೀಧರೆ. ಮಕ್ಕಳನ್ನು ಚರ್ಚಿನ ಪೂರ್ಣ ಸದಸ್ಯರಾಗಿಸುವ ದೃಢೀಕರಣದ ವಿಧಿಗೆ ಮುಂಚೆ ಅವರು ಒಬ್ಬೊಬ್ಬರಾಗಿ ಪಾದ್ರಿಯವರ ಕೋಣೆಗೆ ಹೋಗಿ ಧರ್ಮಬೋಧೆಯ ಪ್ರಶ್ನೋತ್ತರ ಒಪ್ಪಿಸುವುದು ನಮ್ಮಲ್ಲಿ ರೂಢಿ. ಬಾಗಿಲು ತೆರೆದಿರಬೇಕು, ಹೊಸ್ತಿಲ ಬಳಿ ಒಬ್ಬ ಹಿರಿಯ ಹೆಂಗಸು ಕುಳಿತಿರಬೇಕು ಎಂಬುದು ನಿಯಮ. ಇದು ನಮ್ಮ ಪಾದ್ರಿಯವರಿಗೆ ಅವಮಾನವೆಂದು ಸಮಿತಿಗೆ ಅನ್ನಿಸಿತ್ತು. ನಿಯಮವನ್ನು ರದ್ದು ಮಾಡುವ ಗೊತ್ತುವಳಿಯನ್ನು ನಾನೇ ಬರೆದಿದ್ದೆ. ಸಹಿ ಮಾತ್ರ ಬಾಕಿ. ಮುಂದಿನ ಶನಿವಾರ ಹದಿನಾಲ್ಕು ಮಕ್ಕಳು ಆ ಕೋಣೆಗೆ ಹೋಗುವವರಿದ್ದರು. ಏಕೋ ಕೈ ಓಡಲಿಲ್ಲ. ನನಗೆ ಬೈಬಲ್ ಕಲಿಸಿದ ಕರುಣಾವತಿ ಟೀಚರ್ ಮನೆಗೆ ಹೋದೆ.

ಟೀಚರ್ ಗೊತ್ತುವಳಿ ಓದಿದರು. "ಬಿ.ಎ. ಮಾಡಿದ್ದು ದಂಡವಾಗಿಲ್ಲ, ಕನ್ನಡ ಚೆನ್ನಾಗಿದೆ. ಕೂತ್ಕೋ" ಎಂದು ಕತೆ ಹೇಳಿದರು.

"ಒಂದು ಊರಿನ ಚರ್ಚಿನಲ್ಲಿ ಇದೇ ನಿಯಮವಿತ್ತು. ಒಬ್ಬ ವಿಧವೆ ಸ್ಟೂಲು ಹಾಕಿಕೊಂಡು ಬಾಗಿಲಲ್ಲಿ ಕೂರುತ್ತಿದ್ದಳು. ಅಲ್ಲಿಗೆ ಒಬ್ಬ ಪಾದ್ರಿ ಬಂದ. ಅಪ್ಪಟ ಒಳ್ಳೆಯವನು. ಹತ್ತು ವರ್ಷ ತುಂಬಿದಾಗ ಜನ ಅವನಿಗೆ ಶಾಲು ಹೊದಿಸಿದರು. ಅದು ಸಾಲದೆನಿಸಿತು. 'ಇನ್ನು ನಿಮ್ಮ ಬಾಗಿಲಿಗೆ ಕಾವಲಿಲ್ಲ' ಎಂದು ಎಲ್ಲರೆದುರು ಹೇಳಿ ಸ್ಟೂಲನ್ನು ಎತ್ತಿಟ್ಟರು. ಪಾದ್ರಿ ಕಣ್ಣೊರೆಸಿಕೊಂಡು ಆ ಗೌರವವನ್ನು ಸ್ವೀಕರಿಸಿದ. ಮತ್ತೆ ಎಂಟು ವರ್ಷ ಸೇವೆ ಮಾಡಿದ. ಒಂದು ಮಗುವಿನ ಕೂದಲೂ ಕೊಂಕಲಿಲ್ಲ. ಆಮೇಲೆ ನಿವೃತ್ತನಾದ.

"ಅವನ ಜಾಗಕ್ಕೆ ಇನ್ನೊಬ್ಬ ಬಂದ. ವಿಧವೆ ಸ್ಟೂಲು ಹುಡುಕಿ ತಂದು ಕುಳಿತಳು. ಹೊಸಬ ನಕ್ಕ. 'ಏನಮ್ಮ, ಹಿಂದಿನ ಅಯ್ಯನವರು ದೇವದೂತರು, ನಾನು ಕಳ್ಳನೋ?' ಎಂದ. ಚರ್ಚಿನ ಹಿರಿಯನಿಗೆ ಮುಜುಗರವಾಯಿತು. 'ಮನೇಲಿ ಕೆಲಸ ಇಲ್ವಾ ನಿನಗೆ? ಏಳು, ಮಾನ ತೆಗೀಬೇಡ' ಎಂದು ಅವಳನ್ನು ಎಬ್ಬಿಸಿದ. ಅವಳು ಹೋದಳು. ಬಾಗಿಲು ಮುಚ್ಚಿತು."

ಟೀಚರ್ ನಿಲ್ಲಿಸಿದರು. ನನಗೆ ಕೂತಲ್ಲಿ ಕೂರಲಾಗಲಿಲ್ಲ. ಎದ್ದು ಕಿಟಕಿಯವರೆಗೆ ಹೋದೆ, ಮತ್ತೆ ಬಂದೆ.

"ತಪ್ಪು ಎರಡನೆಯವನದು, ಟೀಚರ್. ಮೊದಲನೆಯವರು ಏನು ಮಾಡಿದರು ಪಾಪ?"

"ಆ ಸ್ಟೂಲು ಮಕ್ಕಳದು. ತನ್ನದಲ್ಲದ್ದನ್ನು ಉಡುಗೊರೆಯೆಂದು ತೆಗೆದುಕೊಂಡ."

"ಕೊನೆಗೆ ಏನಾಯಿತು?"

ಅವರು ಕೊಟ್ಟ ಉತ್ತರವನ್ನು ದಿನಚರಿಯಲ್ಲಿ ಬರೆದುಕೊಂಡೆ. ಗೊತ್ತುವಳಿಗೆ ಸಹಿ ಹಾಕಲಿಲ್ಲ. ಕಾರಣ ಕೇಳಿದ ಸಮಿತಿಗೆ ಆ ಉತ್ತರವನ್ನೇ ಓದಿದೆ. ಟೀಚರ್ ಹೇಳಿದ್ದು ಇಷ್ಟು:

"ಎರಡು ವರ್ಷದಲ್ಲಿ ಆ ಎರಡನೆಯವನು ಮೂವರು ಹುಡುಗಿಯರ ಮೈಮೇಲೆ ಕೈ ಹಾಕಿದ. ಅವರಲ್ಲಿ ಹನ್ನೊಂದು ವರ್ಷದವಳು ಮನೆಗೆ ಬಂದು ಹೇಳಿದಾಗ, 'ನಮ್ಮ ಪಾದ್ರಿಗಳು ಅಂಥವರಲ್ಲ' ಎಂದು ಹೆತ್ತ ತಾಯಿಯೇ ಅವಳನ್ನು ಮತ್ತೆ ಆ ಕೋಣೆಗೆ ಕಳುಹಿಸಿದಳು."