ಓಣಿಗೆ ಬಂದ ನಲ್ಲಿ

ನೇಕಾರರ ಒಂದು ಓಣಿಗೆ ಮಹಾಂತಪ್ಪ ಹಿರಿಯರಾಗಿದ್ದರು. ಓಣಿಯ ಯಾವ ವಿಚಾರವೇ ಇರಲಿ, ಎಲ್ಲರನ್ನೂ ಮಠದ ಅಂಗಳಕ್ಕೆ ಕರೆಯುತ್ತಿದ್ದರು. ಎರಡೂ ಕಡೆಯವರ ಕೂಗು ಕೇಳುತ್ತಿದ್ದರು. ಯಾವುದು ದೊಡ್ಡದೋ ಅದೇ ತೀರ್ಮಾನ. ತಾವು ಯಾರನ್ನೂ ಹೊರಗಿಟ್ಟಿಲ್ಲವೆಂಬ ಹೆಮ್ಮೆ ಅವರಿಗಿತ್ತು.

ಆ ವರ್ಷ ಓಣಿಗೆ ಒಂದು ನಲ್ಲಿ ಮಂಜೂರಾಯಿತು. ಮೇಲಿನ ತುದಿಯ ಮನೆಗಳಲ್ಲಿ ಬಾವಿಗಳಿದ್ದವು. ಆದರೂ ನಲ್ಲಿ ತಮ್ಮ ಬಾಗಿಲಲ್ಲೇ ಇರಲಿ ಎಂದು ಅವರಿಗೆ ಆಸೆ. ಕೆಳಗಿನ ತುದಿಯವರು ಊರಾಚೆಯ ಕೆರೆಯಿಂದ ನೀರು ಹೊರುತ್ತಿದ್ದರು. ಅಲ್ಲಿ ಶಂಕ್ರವ್ವನ ಮನೆ. ನೂಲಿಗೆ ಬಣ್ಣ ಹಾಕುವುದು ಅವಳ ಕಸುಬು. ಹುಟ್ಟಿನಿಂದ ಅವಳಿಗೆ ಕಿವಿ ಕೇಳದು, ಮಾತೂ ಬಾರದು. ನೀರು ಹೊತ್ತು ಹೊತ್ತು ಸೊಂಟ ಸೋತಿತ್ತು. ಇನ್ನೊಂದು ಬೇಸಿಗೆ ಹೀಗೇ ಕಳೆದರೆ ಅವಳು ಕಸುಬನ್ನೇ ಬಿಡಬೇಕಾಗುತ್ತಿತ್ತು.

ಸಭೆ ಸೇರಿತು.

"ಮೇಲಿನ ತುದಿ ಅನ್ನೋರು?" ಎಂದರು ಮಹಾಂತಪ್ಪ. ಅಂಗಳ ಗುಡುಗಿತು.

"ಕೆಳಗಿನ ತುದಿ?" ಅಲ್ಲೊಂದು ಇಲ್ಲೊಂದು ದನಿ ಬಂತು.

"ಮೇಲಿನ ತುದಿ. ಮುಗೀತು" ಎಂದು ಅವರು ಎದ್ದರು.

ಶಂಕ್ರವ್ವ ದಾರಿಗೆ ಅಡ್ಡ ನಿಂತಳು. ತನ್ನ ಎದೆ ಮುಟ್ಟಿಕೊಂಡಳು, ಅವರ ಕಿವಿ ತೋರಿಸಿದಳು, ನನ್ನದು ನಿಮಗೆ ಕೇಳಿಸಲೇ ಇಲ್ಲ ಎಂಬಂತೆ ಕೈಯಾಡಿಸಿದಳು.

"ಮೂಕಿಗ್ಯಾಕ ಬೇಕ್ರಿ ಪಂಚಾಯ್ತಿ?" ಎಂದು ಮೇಲಿನ ತುದಿಯ ಕಾಡಪ್ಪ ನಕ್ಕರು.

ಮಹಾಂತಪ್ಪ ನಗಲಿಲ್ಲ. ಇಷ್ಟು ವರ್ಷ ಇವಳನ್ನು ಸಭೆಗೆ ಕರೆದಿದ್ದೇನೆ. ಇವಳ ಅಭಿಪ್ರಾಯ ಒಮ್ಮೆಯಾದರೂ ಎಣಿಕೆಗೆ ಬಂದಿತ್ತೆ? ನೆನಪಿಸಿಕೊಳ್ಳಲು ನೋಡಿದರು. ಒಂದು ಸಲವೂ ನೆನಪಾಗಲಿಲ್ಲ. ಕನಿಕರಪಟ್ಟು ನಲ್ಲಿಯನ್ನು ಕೆಳಗಿನ ತುದಿಗೇ ಕೊಟ್ಟುಬಿಡಲೇ ಎಂದೂ ಅನ್ನಿಸಿತು. ಆದರೆ ಅವಳು ಕೇಳಿದ್ದು ಕನಿಕರವನ್ನಲ್ಲ.

"ಇನ್ನೊಮ್ಮೆ ಆಗಲಿ" ಎಂದರು. "ಯಾರೂ ಕೂಗೂದು ಬ್ಯಾಡ. ಮೇಲಿನ ತುದಿ ಅನ್ನೋರು ಕಟ್ಟಿ ಕಡೆ ನಿಲ್ರಿ. ಕೆಳಗಿನ ತುದಿ ಅನ್ನೋರು ಬಾಗಿಲ ಕಡೆ."

ಶಂಕ್ರವ್ವನಿಗೆ ಅದನ್ನೇ ಕೈಸನ್ನೆಯಲ್ಲಿ ತಿಳಿಸಿದರು. ಅವಳು ಹೋಗಿ ಬಾಗಿಲ ಬಳಿ ಒಬ್ಬಳೇ ನಿಂತಳು.

ಹಿರಿಯರ ಎದುರು ಸೊಸೆಯಂದಿರು ದನಿ ಎತ್ತಬಾರದೆಂಬುದು ಆ ಓಣಿಯ ರೂಢಿ. ನಡೆಯಬಾರದೆಂದು ಯಾರೂ ಹೇಳಿರಲಿಲ್ಲ. ಹಿಂದೆ ನಿಂತಿದ್ದ ಸೊಸೆಯೊಬ್ಬಳು ಸೆರಗು ಸರಿಪಡಿಸಿಕೊಂಡು ಶಂಕ್ರವ್ವನ ಪಕ್ಕಕ್ಕೆ ನಡೆದಳು. ಅವಳ ಹಿಂದೆ ಇನ್ನೊಬ್ಬಳು. ಮಾತು ತೊದಲುವ ಮಗ್ಗದವನೊಬ್ಬ ಬಂದ. ಸಭೆಯಲ್ಲಿ ಎಂದೂ ಬಾಯಿ ತೆರೆಯದ ವಿಧವೆಯರು ಬಂದರು. ಬಾಗಿಲ ಕಡೆ ನಿಲ್ಲಲು ಜಾಗ ಸಾಲದಾಯಿತು. ಎಣಿಸುವ ಅಗತ್ಯವೇ ಬೀಳಲಿಲ್ಲ.

"ಇವರೆಲ್ಲಾ ಇಷ್ಟ ದಿನ ಎಲ್ಲಿದ್ರು?" ಎಂದು ಕಾಡಪ್ಪ ಗೊಣಗಿದರು.

ಆ ಗುಂಪಿನಲ್ಲಿದ್ದ ಅವರದೇ ಸೊಸೆ ಮೆಲ್ಲಗೆ ಹೇಳಿದಳು: "ಇಲ್ಲೇ ಇದ್ವಿ, ಮಾವಾರ. ನಿಮ್ಮ ಬೆನ್ನ ಹಿಂದ."

ನಲ್ಲಿ ಕೆಳಗಿನ ತುದಿಗೆ ಬಂತು. ಆ ಓಣಿಯಲ್ಲಿ ಮತ್ತೆ ಯಾರೂ ಕೂಗಿ ತೀರ್ಮಾನ ಮಾಡಲಿಲ್ಲ.

ನೀತಿ: ಎಲ್ಲರನ್ನೂ ಸಭೆಗೆ ಕರೆದ ಮಾತ್ರಕ್ಕೆ ಕರ್ತವ್ಯ ಮುಗಿಯುವುದಿಲ್ಲ. ಬಂದವರೆಲ್ಲ ತಮ್ಮ ಅಭಿಪ್ರಾಯ ತಿಳಿಸಲು ಸಾಧ್ಯವಾಗುವಂತೆ ಸಭೆಯ ರೀತಿಯನ್ನು ಬದಲಿಸುವುದೂ ಕರೆದವರ ಕೆಲಸವೇ. ಇಷ್ಟನ್ನು ಮಾಡದವರು ತಮ್ಮನ್ನು ನ್ಯಾಯವಂತರೆಂದು ಹೇಳಿಕೊಳ್ಳಬಾರದು.