ಬಿಳಿ ದಾರ, ಹಳದಿ ದಾರ

ಶಂಭುಲಿಂಗನೆಂಬ ಶಿಷ್ಯ ಗುರುಗಳ ಮುಂದೆ ಕುಳಿತು ಕೇಳಿದ: "ಗುರುಗಳೇ, ಮಠದ ಸಂಜೆಯ ಹಾಡಿನ ಹೊಣೆಯನ್ನು ನನಗೆ ಕೊಟ್ಟಿದ್ದೀರಿ. ಹಿರಿಯರಿಗೆ ಹಿಡಿಸುವಂತೆ ಹಾಡಿದರೆ ಹುಡುಗರು ಆಕಳಿಸುತ್ತಾರೆ. ಹುಡುಗರಿಗೆ ಹಿಡಿಸುವಂತೆ ಹಾಡಿದರೆ ಹಿರಿಯರು ತೂಕಡಿಸುತ್ತಾರೆ. ಸಭೆಯನ್ನೇ ಎರಡು ಮಾಡಿ, ಅವರವರಿಗೆ ಬೇಕಾದ ಹಾಡನ್ನು ಬೇರೆ ಬೇರೆ ಕಡೆ ಹಾಡಿಸಿದರೆ ತಪ್ಪೇನು?"

ಗುರುಗಳು ತಪ್ಪು ಎನ್ನಲಿಲ್ಲ, ಸರಿ ಎನ್ನಲೂ ಇಲ್ಲ. "ನಿನಗಿಂತ ಜಾಣನೊಬ್ಬ ಇದನ್ನು ಆಗಲೇ ಮಾಡಿ ನೋಡಿದ್ದಾನೆ, ಕೇಳು" ಎಂದು ಈ ಕತೆ ಹೇಳಿದರು.

ಒಬ್ಬ ವರ್ತಕನಿಗೆ ಒಂದು ದೊಡ್ಡ ಹಡಗಿತ್ತು. ಸರಕು ಸಾಗಿಸುವ ಹಡಗಲ್ಲ, ವಿಹಾರದ ಹಡಗು. ಜನ ಅದನ್ನು ಹತ್ತಿ, ಎಂಟು ದಿನ ಕಡಲಿನಲ್ಲಿ ಸುತ್ತಾಡಿ, ಹತ್ತಿದ ಬಂದರಿನಲ್ಲೇ ಇಳಿಯುತ್ತಿದ್ದರು. ಎಲ್ಲಿಗೂ ಹೋಗದ ಪ್ರಯಾಣಕ್ಕೆ ಜನ ಯಾಕೆ ಬರುತ್ತಾರೆ ಎಂದು ನನ್ನನ್ನು ಕೇಳಬೇಡ. ಬರುತ್ತಿದ್ದರು. ಒಳ್ಳೆಯ ಊಟ, ಒಳ್ಳೆಯ ಗಾಳಿ, ಸಂಜೆಯಾದರೆ ಹಾಡು ಮತ್ತು ಆಟ.

ಹಾಡು, ಆಟಗಳನ್ನು ನೋಡಿಕೊಳ್ಳಲು ವರ್ತಕ ಒಬ್ಬ ಮೇಳಗಾರನನ್ನು ಇಟ್ಟುಕೊಂಡಿದ್ದ. ಅವನು ಬರುವ ಮೊದಲು ಹಡಗಿನಲ್ಲಿ ದಿನವೂ ಜಗಳ. ತತ್ವಪದ ಶುರುವಾದರೆ ಹುಡುಗರು ಎದ್ದು ಹೋಗುವರು. ಕೋಲಾಟ ಶುರುವಾದರೆ ಹಿರಿಯರು ಮುಖ ತಿರುಗಿಸುವರು. ಇವನಿಗಿಂತ ಹಿಂದೆ ಇದ್ದವನು ವಯಸ್ಸು ನೋಡಿ ಜನರನ್ನು ಬೇರೆ ಮಾಡಿದ್ದ. ತಲೆ ನರೆತವರೆಲ್ಲ ತತ್ವಪದಕ್ಕೆ, ಮೀಸೆ ಚಿಗುರಿದವರೆಲ್ಲ ಕೋಲಾಟಕ್ಕೆ. ಅದೂ ಕೈಗೂಡಲಿಲ್ಲ. "ನರೆತದ್ದು ಕೂದಲು, ಕಿವಿಯಲ್ಲ" ಎಂದು ಈ ಮೇಳಗಾರ ನಕ್ಕ. ಅವನು ದಡ್ಡನಲ್ಲ ಎಂಬುದನ್ನು ಮನಸ್ಸಿನಲ್ಲಿ ಇಟ್ಟುಕೋ.

ಅವನ ಕ್ರಮವೇ ಬೇರೆ. ಹಡಗು ಹತ್ತುವ ಹಲಗೆಯ ಬಳಿ ನಿಂತು ಒಬ್ಬೊಬ್ಬರನ್ನೇ ಪಕ್ಕಕ್ಕೆ ಕರೆಯುತ್ತಿದ್ದ. ವಯಸ್ಸೆಷ್ಟು? ಯಾವ ಹಾಡಿಗೆ ಕಾಲು ತಾನಾಗಿ ತಾಳ ಹಾಕುತ್ತದೆ? ಯಾವ ಹಾಡಿಗೆ ನಿದ್ದೆ ಬರುತ್ತದೆ? ಅಪ್ಪನ ಎದುರು ಮಗ, ಗಂಡನ ಎದುರು ಹೆಂಡತಿ ನಿಜ ಹೇಳುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ಅದಕ್ಕೇ ಒಬ್ಬೊಬ್ಬರನ್ನೇ ಕೇಳುತ್ತಿದ್ದ. ಉತ್ತರ ಬಂದ ಮೇಲೆ ಮಣಿಕಟ್ಟಿಗೆ ಒಂದು ದಾರ ಕಟ್ಟುತ್ತಿದ್ದ. ತತ್ವಪದಕ್ಕೆ ಬಿಳಿ, ಕೋಲಾಟಕ್ಕೆ ಹಳದಿ, ಗೊಂಬೆಯಾಟಕ್ಕೆ ಕೆಂಪು. ಹಡಗಿನ ಮೂರು ಅಂತಸ್ತಿನಲ್ಲಿ ಮೂರು ಮೇಳ. ಮೆಟ್ಟಿಲ ಬಳಿ ಕಾವಲಿನವರು ದಾರದ ಬಣ್ಣ ನೋಡಿಯೇ ಒಳಗೆ ಬಿಡುತ್ತಿದ್ದರು. ಬಿಳಿಯವರ ನಡುವೆ ಹಳದಿಯವನೊಬ್ಬ ಕೂತರೂ ಸಾಕು, ಅವನ ಆಕಳಿಕೆ ಇಡೀ ಸಾಲಿಗೆ ಅಂಟುತ್ತದೆ ಎಂಬುದು ಮೇಳಗಾರನ ಮಾತು. ಅದು ಸುಳ್ಳೂ ಅಲ್ಲ ಬಿಡು.

ಜಗಳ ನಿಂತಿತು, ಆಕಳಿಕೆಯೂ ನಿಂತಿತು. ವರ್ತಕ ಮೇಳಗಾರನಿಗೆ ಶಾಲು ಹೊದಿಸಿದ. ಲೋಕೋ ಭಿನ್ನರುಚಿಃ ಎಂದು ಎಲ್ಲರೂ ಬಾಯಲ್ಲಿ ಹೇಳುತ್ತಾರೆ, ಅದನ್ನು ದಾರದಲ್ಲಿ ಕಟ್ಟಿ ತೋರಿಸಿದವನು ತಾನೊಬ್ಬನೇ ಎಂದು ಮೇಳಗಾರ ಒಳಗೊಳಗೇ ಬೀಗಿದ.

ಒಂದು ಸಲ ಆ ಹಡಗಿಗೆ ಒಬ್ಬ ಕಂಚುಗಾರ ಹೆಂಡತಿಯೊಡನೆ ಬಂದ. ಇಬ್ಬರಿಗೂ ಅರವತ್ತು ದಾಟಿತ್ತು. ಮೇಳಗಾರನಿಗೆ ಗೊತ್ತಿಲ್ಲದ ಒಂದು ಮಾತನ್ನು ನಿನಗೆ ಮೊದಲೇ ಹೇಳಿಬಿಡುತ್ತೇನೆ. ಕಂಚು ಬಡಿದು ಬಡಿದು ಆ ಕಂಚುಗಾರನ ಬಲಗಿವಿ ಹೋಗಿ ಎಷ್ಟೋ ಕಾಲವಾಗಿತ್ತು. ಎಡಗಿವಿ ಅರ್ಧ ಉಳಿದಿತ್ತು. ಇದು ಗಂಡಹೆಂಡಿರಿಗೆ ಮತ್ತು ವೈದ್ಯನಿಗೆ ಬಿಟ್ಟರೆ ಯಾರಿಗೂ ತಿಳಿಯದು. ಕಂಚುಗಾರನಾದವನು ಪಾತ್ರೆಯನ್ನು ತಟ್ಟಿ, ನಾದ ಕೇಳಿ, ಒಡಕಿದೆಯೋ ಇಲ್ಲವೋ ಹೇಳಬೇಕು. ಕಿವಿ ಇಲ್ಲದವನ ಹತ್ತಿರ ಯಾರು ಪಾತ್ರೆ ಕೊಳ್ಳುತ್ತಾರೆ? ಅವನು ತಟ್ಟುತ್ತಿದ್ದ, ಹೆಂಡತಿ ಕೇಳಿ ಕಣ್ಣಲ್ಲೇ ಹೇಳುತ್ತಿದ್ದಳು. ಹೊರಗೆ ಬಾಯಿ ಬಿಡುವುದಿಲ್ಲವೆಂದು ಅವಳು ಅವನಿಗೆ ಆಣೆಯಿಟ್ಟಿದ್ದಳು.

ಅವನಿಗೆ ತತ್ವಪದವೆಂದರೆ ಪ್ರಾಣ. ಸೋಮವಾರ ಸಂಜೆ ಅಂಗಡಿ ಮುಚ್ಚಿ ಇಬ್ಬರೂ ತತ್ವಪದ ಕೇಳಲು ಹೋಗುತ್ತಿದ್ದರು. ಅವಳು ಎಡಗಡೆ ಕೂತು, ಒಂದೊಂದು ಸಾಲನ್ನೂ ಅವನ ಕಿವಿಯಲ್ಲಿ ತಿರುಗಿ ಹೇಳುತ್ತಿದ್ದಳು. ಉಳಿದ ಕಿವಿಯೂ ದೀಪಾವಳಿಯವರೆಗೆ ಉಳಿಯದು ಎಂದು ವೈದ್ಯ ಹೇಳಿದ್ದ. ಕಿವಿ ಇರುವಾಗಲೇ ಎಂಟು ಸಂಜೆ ಒಳ್ಳೆಯ ಹಾಡು ಕೇಳಿಸಿಬಿಡೋಣ ಎಂದು ಅವಳೇ ಅವನನ್ನು ಹೊರಡಿಸಿಕೊಂಡು ಬಂದಿದ್ದಳು.

ಹಲಗೆಯ ಬಳಿ ಮೇಳಗಾರ ಕೇಳಿದ. ಕಂಚುಗಾರ ಎಡಗಿವಿಯನ್ನು ಹತ್ತಿರ ತಂದು ಕೇಳಿಸಿಕೊಂಡು, ತತ್ವಪದ ಎಂದ. ಬಿಳಿ ದಾರ ಬಿತ್ತು. ಹೆಂಡತಿಯ ಸರದಿ ಬಂತು. ಬೇರೆ ಯಾರಾದರೂ ಆಗಿದ್ದರೆ ಅವಳಿಗೂ ಬಿಳಿಯನ್ನೇ ಕಟ್ಟಿ ಕೈತೊಳೆದುಕೊಳ್ಳುತ್ತಿದ್ದರು. ಇವನು ಬಿಡಬೇಕಲ್ಲ.

"ಸಂಕೋಚ ಬೇಡ ತಾಯಿ, ನಿಜ ಹೇಳಿ" ಎಂದ.

ಅವಳು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. "ತತ್ವಪದ ನನ್ನ ತಲೆಗೆ ಹತ್ತುವುದಿಲ್ಲಪ್ಪ. ಕೋಲಾಟವೆಂದರೆ ಈ ವಯಸ್ಸಿನಲ್ಲೂ ಕಾಲು ನಿಲ್ಲುವುದಿಲ್ಲ" ಎಂದಳು.

ಮೇಳಗಾರ ಹಿಗ್ಗಿಹೋದ. ಹಳದಿ ದಾರ ಕಟ್ಟಿದ. ದಾರದ ಅರ್ಥ ಅವಳಿಗೆ ತಿಳಿದದ್ದು ಸಂಜೆ, ಕಾವಲಿನವನು ತಡೆದಾಗ. ಮೇಳಗಾರನನ್ನು ಹುಡುಕಿಕೊಂಡು ಬಂದಳು.

"ನಾನು ಅವರ ಪಕ್ಕ ಕೂರಬೇಕಪ್ಪ."

"ಮದುವೆಯಾಗಿ ಎಷ್ಟು ವರ್ಷವಾಯಿತು ತಾಯಿ?"

"ನಲವತ್ತಮೂರು."

"ನಲವತ್ತಮೂರು ವರ್ಷ ಅವರಿಗಾಗಿ ಕೂತಿರಿ. ಈ ಎಂಟು ಸಂಜೆ ನಿಮಗಾಗಿ ಕೂತುಕೊಳ್ಳಿ."

ಅವಳು ಏನೋ ಹೇಳಲು ಹೋದಳು. ಸುತ್ತ ಜನರಿದ್ದರು, ಇಟ್ಟ ಆಣೆಯಿತ್ತು. ಕೋಲಾಟ ನಡೆಯುವ ಮೇಲಿನ ಅಂತಸ್ತಿಗೆ ಹೋದಳು. ಒಬ್ಬ ಹೆಂಗಸಿಗೆ ಅವಳ ಹಾಡನ್ನು ಕೊಡಿಸಿದೆನಲ್ಲ ಎಂದು ಮೇಳಗಾರನಿಗೆ ಸಂತೋಷವಾಯಿತು. ಆ ಸಂತೋಷದಲ್ಲಿ ಕಪಟವಿರಲಿಲ್ಲ.

ಮಾರನೆಯ ದಿನದಿಂದ ಅವನು ಇಬ್ಬರ ಮೇಲೂ ಒಂದು ಕಣ್ಣಿಟ್ಟ. ಕಂಚುಗಾರ ಮೊದಲ ಸಾಲಿನಲ್ಲಿ ಕೂರುತ್ತಿದ್ದ. ತಲೆದೂಗುತ್ತಿದ್ದ, ಆದರೆ ಪಕ್ಕದವರು ತೂಗಿದ ಮೇಲೆ ತೂಗುತ್ತಿದ್ದ. ಮೈಮರೆತವನಿಗೆ ತಾಳದ ಪರಿವೆ ಎಲ್ಲಿ ಎಂದುಕೊಂಡ ಮೇಳಗಾರ. ಕಂಚುಗಾರನ ಎಡಗಡೆ ಒಬ್ಬರು ಕೂರುವಷ್ಟು ಜಾಗ ದಿನವೂ ಖಾಲಿ. ಯಾರಾದರೂ ಬಂದರೆ ಅಲ್ಲಿ ಕೈಯಿಟ್ಟು ಬೇಡವೆನ್ನುತ್ತಿದ್ದ. ವಯಸ್ಸಾದವರು, ಕಾಲು ಚಾಚಲು ಬೇಕೇನೋ ಎಂದುಕೊಂಡ. ಮೇಲೆ ಕೋಲಾಟ ನಡೆಯುವಾಗ ಹೆಂಡತಿಯ ಕಾಲು ಅಲುಗುತ್ತಿರಲಿಲ್ಲ. ಹೊಸ ಜಾಗ, ನಾಚಿಕೆ ಎಂದುಕೊಂಡ. ಕಂಡದ್ದಕ್ಕೆಲ್ಲ ಅವನ ಹತ್ತಿರ ಒಂದು ಉತ್ತರ ಸಿದ್ಧವಾಗಿತ್ತು. ಜಾಣರ ಕಷ್ಟವೇ ಅದು.

ಬೆಳಿಗ್ಗೆ ಊಟದ ಸಾಲಿನಲ್ಲಿ, ಹಾಡು ಹೇಗಿತ್ತು ಎಂದು ಕೇಳುತ್ತಿದ್ದ. ಹೆಂಡತಿ ಆ ಮಾತನ್ನು ಗಂಡನ ಎಡಗಿವಿಗೆ ಮುಟ್ಟಿಸುತ್ತಿದ್ದಳು. ಅವನು ಅವಳ ಮುಖ ನೋಡಿ, "ಬಹಳ ಚೆನ್ನಾಗಿತ್ತು" ಎನ್ನುತ್ತಿದ್ದ. ಅವಳೂ ಅದನ್ನೇ ಹೇಳುತ್ತಿದ್ದಳು. ಕೊನೆಗಾಲಕ್ಕಾದರೂ ಇವಳು ತನ್ನ ಹಾಡು ಕೇಳಲಿ ಎಂದು ಅವನು. ಹಾಡುವವರ ಎದುರಿಗೇ ಕೂರುವುದರಿಂದ ಅವರಿಗೆ ಕೇಳಿಸುತ್ತಿದೆಯೇನೋ ಎಂದು ಅವಳು. ಒಬ್ಬರಿಗಾಗಿ ಒಬ್ಬರು ಹೇಳಿದ ಆ ಸುಳ್ಳನ್ನು ಮೇಳಗಾರ ತನಗೆ ಬಂದ ಹೊಗಳಿಕೆ ಎಂದು ತಿಳಿದ.

ಏಳನೆಯ ಬೆಳಿಗ್ಗೆ ಅವಳು ಅದೇ ಮಾತನ್ನು ಗಂಡನ ಕಿವಿಯಲ್ಲಿ ಮೂರು ಸಲ ಹೇಳಬೇಕಾಯಿತು. ಅವಳ ಮುಖ ಕಪ್ಪಿಟ್ಟಿತು.

ಅಂದು ಸಂಜೆ ಅವಳು ಹಳದಿ ದಾರವನ್ನು ಕಿತ್ತು ಎಸೆದಳು. ಗಂಡನ ಪಂಚೆಯಿಂದ ಒಂದು ಬಿಳಿ ಎಳೆ ಎಳೆದು ಮಣಿಕಟ್ಟಿಗೆ ಸುತ್ತಿಕೊಂಡಳು. ಕಾವಲಿನವನು ಬಿಟ್ಟ. ಆದರೆ ಮೇಳಗಾರನ ಕಣ್ಣು ತಪ್ಪಿಸಲಾಗಲಿಲ್ಲ. ತನ್ನ ದಾರ ಅಷ್ಟು ತೆಳುವಲ್ಲ. ಎಬ್ಬಿಸಿ ಕಳಿಸಬೇಕೆಂದು ಹಿಂದೆಯೇ ಹೋದ.

ಅವಳು ಎಡಗಡೆಯ ಖಾಲಿ ಜಾಗದಲ್ಲಿ ಕೂತಳು. ಕಂಚುಗಾರ ತಿರುಗಿ ನೋಡಿದ. ಆರು ಸಂಜೆ ಆ ಮುಖದಲ್ಲಿ ಕಾಣದ ಬೆಳಕನ್ನು ಮೇಳಗಾರ ಆಗ ಕಂಡ. ಅವನ ಕಾಲು ಅಲ್ಲೇ ನಿಂತಿತು. ಅವಳು ಗಂಡನ ಕಡೆ ಬಾಗಿ, ಹಾಡಿನ ಸಾಲನ್ನು ಕಿವಿಯಲ್ಲಿ ಹೇಳಿದಳು. ಅವನು ಕಾದ. ಇನ್ನೊಮ್ಮೆ, ಸ್ವಲ್ಪ ಜೋರಾಗಿ ಹೇಳಿದಳು. ಸಾಲಿನವರು ತಿರುಗಿ ನೋಡಿದರು. ಕಂಚುಗಾರ ಅಂಗೈಯಿಂದ ಕಿವಿಯನ್ನು ಒತ್ತಿ ಬಿಟ್ಟ.

"ಹೇಳೇ" ಎಂದ.

ಅವಳು ಆಗಲೇ ಹೇಳುತ್ತಿದ್ದಳು.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರಲ್ಲ, ಹಾಗಾಯಿತು. ಹಾಡು ಮುಗಿದ ಮೇಲೆ ಅವಳು ಮೇಳಗಾರನಿಗೆ ಎಲ್ಲವನ್ನೂ ಹೇಳಿದಳು. ಇನ್ನು ಮುಚ್ಚಿಡುವುದಕ್ಕೆ ಏನು ಉಳಿದಿತ್ತು? ಮೇಳಗಾರ ಎಲ್ಲ ಕೇಳಿಸಿಕೊಂಡ. ಆದರೂ ಅಷ್ಟು ದಿನದ ಜಾಣತನ ಒಮ್ಮೆಲೇ ಬಿಡುವುದಿಲ್ಲ.

"ತತ್ವಪದ ತಲೆಗೆ ಹತ್ತುವುದಿಲ್ಲವೆಂದು ನೀವೇ ಹೇಳಿದಿರಲ್ಲ ತಾಯಿ" ಎಂದ.

"ಹೇಳಿದೆ. ಹಾಡು ನನಗೆ ಹಿಡಿಸುತ್ತಿರಲಿಲ್ಲ. ಅವರಿಗೆ ಹೇಳುವುದು ಹಿಡಿಸುತ್ತಿತ್ತು. ಅದನ್ನು ನೀನು ಕೇಳಲಿಲ್ಲಪ್ಪ, ನನಗೂ ಹೇಳಲು ಬಾಯಿ ಬರಲಿಲ್ಲ."

ಎಂಟನೆಯ ಸಂಜೆ ಮೇಳಗಾರ ತಾನೇ ಅವಳನ್ನು ಕರೆತಂದು ಗಂಡನ ಎಡಗಡೆ ಕೂರಿಸಿದ. ಅವಳು ಎಂದಿನಂತೆ ಬಾಗಿ ಒಂದೊಂದು ಸಾಲನ್ನೂ ಹೇಳಿದಳು. ಅವಳ ಉಸಿರು ಕಿವಿಗೆ ತಾಕಿದಾಗಲೆಲ್ಲ ಕಂಚುಗಾರ ತಲೆದೂಗಿದ. ಅವನಿಗೆ ಏನೂ ಕೇಳಿಸುತ್ತಿಲ್ಲವೆಂದು ಅವಳಿಗೆ ಗೊತ್ತು, ಮೇಳಗಾರನಿಗೂ ಗೊತ್ತು. ಮೇಳಗಾರ ಕಂಬದ ಹಿಂದೆ ನಿಂತು ಅತ್ತ. ಮಾರನೆಯ ದಿನ ಇಬ್ಬರೂ ಕೈ ಹಿಡಿದುಕೊಂಡು ಬಂದರಿನಲ್ಲಿ ಇಳಿದು ಹೋದರು.

ಗುರುಗಳು ಕತೆ ನಿಲ್ಲಿಸಿದರು. ಶಂಭುಲಿಂಗ ತಲೆ ತಗ್ಗಿಸಿ ಕೇಳಿದ: "ಆಮೇಲೆ ಮೇಳಗಾರ ದಾರ ಕಟ್ಟುವುದನ್ನು ಬಿಟ್ಟನೇ?"

"ಬಿಟ್ಟ. ಅದರಿಂದ ಆ ಆರು ಸಂಜೆ ತಿರುಗಿ ಬರಲಿಲ್ಲ."

"ಹಾಗಾದರೆ ನನ್ನ ಸಭೆಯಲ್ಲಿ ಆಕಳಿಸುತ್ತಾ ಕೂತವರನ್ನು ಏನು ಮಾಡಲಿ ಗುರುಗಳೇ?"

"ಆಕಳಿಸಿದರೂ ಎದ್ದು ಹೋಗದ ಅವರು ಯಾರ ಪಕ್ಕ ಕೂತಿದ್ದಾರೆ ಎಂದು ಒಂದು ದಿನವಾದರೂ ನೋಡಿದ್ದೀಯಾ?"